ನಾಕು ಬೆರಳಿನ ಸಂದು

ಯಾವ ಕಂಪನಿಯೂ ಗಾಡಿಯ ಜೊತೆ ಕೊಡದ ಒಂದು ಸಾಮಾನು ಮೂವತ್ತು ವರ್ಷ ನನ್ನ ಗಾಡಿಯ ಮೇಲಿತ್ತು. ಒಂದೂವರೆ ಗೇಣಿನ ಜಾಲಿ ಕಟಗಿ, ತುದಿ ಚೂಪು ಮಾಡಿದ್ದು. ಸೀಟಿನ ಬದಿಗೆ ಹಳೇ ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿರುತ್ತಿದ್ದೆ. ಬೆಂಗಳೂರಿನಿಂದ ತಪಾಸಣೆಗೆ ಬಂದ ಸಾಹೇಬರೊಬ್ಬರು ಅದನ್ನು ನೋಡಿ, ‘ಏನ್ರೀ ಇದು, ದನ ಹೊಡೆಯೋಕಾ?’ ಎಂದು ಕೇಳಿದ್ದರು. ‘ಅಲ್ರಿ, ಗಾಡಿ ಹೊಡಿಯಾಕ’ ಅಂದೆ. ಅವರಿಗೆ ತಿಳಿಯಲಿಲ್ಲ. ಅದು ಜನವರಿ, ನೆಲ ಒಣಗಿತ್ತು. ತಿಳಿಯುವ ಹಾಗೂ ಇರಲಿಲ್ಲ.

ಎರಿ ನೆಲ ಕಾಣದವರಿಗೆ ಇಷ್ಟು ಹೇಳಬೇಕು. ನಮ್ಮ ವಿಜಯಪುರ ಜಿಲ್ಲೆಯ ಕರಿ ಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ಇದೇ ಉಬ್ಬು-ಕುಗ್ಗಿನಿಂದ ಅದರ ಮೇಲೆ ಹಾಕಿದ ಡಾಂಬರೂ ನಾಲ್ಕು ಮಳೆಗಾಲದಲ್ಲಿ ಒಂಟೆಯ ಬೆನ್ನಾಗುತ್ತದೆ. ಡಾಂಬರು ಇಲ್ಲದ ಕಡೆ ಹಸಿ ಎರಿ ಟಾಯರಿಗೆ ಹತ್ತುತ್ತದೆ, ಹತ್ತಿದ ಮಣ್ಣಿಗೆ ಮತ್ತಷ್ಟು ಮಣ್ಣು ಹತ್ತುತ್ತದೆ, ಮಡ್‌ಗಾರ್ಡಿನೊಳಗೆ ಗಚ್ಚು ಹಾಕಿದಂತೆ ತುಂಬಿಕೊಳ್ಳುತ್ತದೆ. ಹತ್ತು ಮಾರು ಹೋಗುವುದರೊಳಗೆ ಚಕ್ರ ನಿಂತಿತು. ಎಂಜಿನ್ ಚಾಲೂ ಇದೆ, ಗೇರು ಬಿದ್ದಿದೆ, ಗಾಡಿ ಮಾತ್ರ ಹೂತ ಗೂಟ. ಆಗ ಇಳಿದು, ಕಟಗಿ ಹಿರಿದು, ಕುಕ್ಕರಗಾಲಿನಲ್ಲಿ ಕೂತು ಸಂದಿನಿಂದ ಮಣ್ಣು ಕೆದರಬೇಕು. ಮತ್ತೆ ಹತ್ತು ಮಾರು. ಮತ್ತೆ ಕಟಗಿ.

ನಾನು ದನದ ಡಾಕ್ಟರು. 1991ರಲ್ಲಿ ಕೆಲಸಕ್ಕೆ ಸೇರಿ 2024ರಲ್ಲಿ ನಿವೃತ್ತನಾದೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕಿನಲ್ಲೇ ನನ್ನ ನೌಕರಿ ಸುತ್ತಿತು. (ಈಗ ಅವು ಒಡೆದು ಆಲಮೇಲ, ಚಡಚಣ, ತಾಳಿಕೋಟೆ, ನಿಡಗುಂದಿ ಎಂದೆಲ್ಲ ಆಗಿವೆ, ನನ್ನ ಲೆಕ್ಕದಲ್ಲಿ ಇನ್ನೂ ನಾಲ್ಕೇ.) ಮನುಷ್ಯರ ಡಾಕ್ಟರ ಬಳಿ ರೋಗಿ ಬರುತ್ತಾನೆ. ಕರು ಅಡ್ಡಬಿದ್ದ ಆಕಳು ಬರುವುದಿಲ್ಲ, ನಾವೇ ಹೋಗಬೇಕು, ಅದೂ ಊರಿಗಲ್ಲ, ಹೊಲದ ವಸ್ತಿಗೆ. ಹೀಗಾಗಿ ‘ಸಾಹೇಬ್ರ, ಡಾಂಬರಿಗೂ ಗರಸಿಗೂ ಆಗೂವಂಥಾ ಗಾಡಿ ಯಾವ್ದು ತಗೋಲಿ?’ ಎಂದು ಹರೆಯದ ಕಂಪೌಂಡರುಗಳು ಈಗಲೂ ಕೇಳುತ್ತಾರೆ. ಆ ಪ್ರಶ್ನೆಯಲ್ಲೇ ಒಂದು ರಸ್ತೆ ಬಿಟ್ಟುಹೋಗಿರುತ್ತದೆ. ಡಾಂಬರು ಒಂದು, ಗರಸು ಎರಡು, ಎರಿ ಮೂರು. ಜಾಹೀರಾತಿನವರಿಗೆ ಮೂರನೆಯದು ಗೊತ್ತಿಲ್ಲ.

ಮೊದಲ ಗಾಡಿ ಕೊಂಡದ್ದು ಸಿಂದಗಿಯಲ್ಲಿ. ಆಗಿನ ಆಯ್ಕೆ ಬೆರಳಲ್ಲಿ ಎಣಿಸುವಷ್ಟು. ಬುಲೆಟ್ ಗೌಡರಿಗೆ, ಚೇತಕ್ ಮಾಸ್ತರರಿಗೆ, ಎಂ-80 ಹಾಲಿನವರಿಗೆ, ರಾಜದೂತ್ ಯಾರಿಗೂ ಬೇಡವಾದಾಗ ಉಳಿದವರಿಗೆ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಹುಡುಗರ ಕಣ್ಣು ಕುಕ್ಕುತ್ತಿತ್ತು. ಅದೇ ವರ್ಷದ ಹೀರೋ ಹೋಂಡಾ ಸಿಡಿ 100 ಪೆಟ್ರೋಲ್ ಕುಡಿಯುವುದಿಲ್ಲ, ಮೂಸುತ್ತದೆ ಅಷ್ಟೇ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಹೊಸದು ಕೊಳ್ಳುವ ತಾಕತ್ತು ನನಗಿರಲಿಲ್ಲ. ನಿವೃತ್ತ ಮಾಸ್ತರರೊಬ್ಬರ ಯೆಜ್ಡಿ ಇದೆ ಎಂದು ನಮ್ಮ ಕಂಪೌಂಡರ್ ಸುದ್ದಿ ತಂದ. ವ್ಯವಹಾರಕ್ಕೆ ಕೂತವನು ದನದ ಸಂತೆಯ ದಲಾಲಿ. ಅವನಿಗೆ ಬೇರೆ ರೀತಿ ಗೊತ್ತೇ ಇರಲಿಲ್ಲ: ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿದ, ಅದರಡಿ ಬೆರಳು ಹಿಡಿದು ದರ ಕೇಳಿದ. ಮಾಸ್ತರರ ಕಡೆ ಹೋಗಿ ಅವರ ಕೈಗೂ ಟವೆಲ್ ಹಾಕಿದ. ಹೀಗೆ ಮೂರು ಸಲ ಓಡಾಡಿ ಎಂಟೂವರೆ ಸಾವಿರಕ್ಕೆ ಮುಗಿಸಿದ. ಮೈಸೂರಿನ ಕಾರ್ಖಾನೆಯಲ್ಲಿ ಹುಟ್ಟಿದ, 249 ಸಿಸಿಯ ಆ ಗಾಡಿ ಸಿಂದಗಿಯಲ್ಲಿ ಎತ್ತಿನ ಹಾಗೆ ಕೈ ಬದಲಾಯಿಸಿತು.

ಯೆಜ್ಡಿಯ ಕಿಕ್ಕೂ ಗೇರೂ ಒಂದೇ ಕಡ್ಡಿ. ಒಳಗೆ ಒತ್ತಿ ಮೇಲಕ್ಕೆತ್ತಿದರೆ ಕಿಕ್, ಒದ್ದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಅದರ ಎರಡು ಕೊಳವೆಯ ಸದ್ದು ಎರಡು ಹೊಲದಾಚೆ ಕೇಳುತ್ತಿತ್ತು. ಎಷ್ಟೋ ಕಡೆ ನಾನು ಇಳಿಯುವ ಹೊತ್ತಿಗೆ ಒಲೆಯ ಮೇಲೆ ಬಿಸಿನೀರು ಕುದಿಯುತ್ತಿರುತ್ತಿತ್ತು, ಸದ್ದು ಕೇಳಿಯೇ ಇಟ್ಟಿರುತ್ತಿದ್ದರು. ಗರಸಿನ ಮೇಲೆ ಅದು ಕೆಳ ಗೇರಿನಲ್ಲಿ ಗುಡುಗುಡು ಎಂದು ಏರಿ ಹೋಗುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ದೇವಣಗಾಂವ ಕಡೆ, ಭೀಮಾ ದಂಡೆಯ ಒಂದು ವಸ್ತಿ. ಸೆಪ್ಟೆಂಬರ್ ತಿಂಗಳು, ಹಿಂಗಾರಿ ಬಿತ್ತನೆಯ ಮುಂಚಿನ ಮಳೆ. ರಾತ್ರಿ ಒಂಬತ್ತಕ್ಕೆ ಹುಡುಗನೊಬ್ಬ ಸೈಕಲ್ ಮೇಲೆ ಬಂದು, ‘ಕರದ ಒಂದ ಕಾಲ ಅಷ್ಟ ಹೊರಗ ಬಂದದ್ರಿ’ ಅಂದ. ಹೊರಟೆ. ಡಾಂಬರು ಮುಗಿಯಿತು, ಗರಸು ಮುಗಿಯಿತು, ಕೊನೆಯ ಅರ್ಧ ಮೈಲು ಎರಿ. ಗಾಡಿ ನಿಂತಿತು. ಕಟಗಿ ಹಿಡಿದು ಕೂತೆ, ಕೆದರಿದೆ, ಎತ್ತಲು ಹೋದೆ. ಮಣ್ಣು ಮೆತ್ತಿಕೊಂಡ ಗಾಡಿ ಎರಡು ಪಟ್ಟು ತೂಕವಾಗಿತ್ತು. ಕೊನೆಗೆ ಬೇವಿನ ಗಿಡಕ್ಕೆ ಒರಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಚೀಲ ಹೆಗಲಿಗೆ ಹಾಕಿ ನಡೆದೆ. ಕರು ಜೀವಂತ ಹೊರಗೆ ಬರುವ ಹೊತ್ತಿಗೆ ಹನ್ನೆರಡಾಗಿತ್ತು. ಬೆಳಿಗ್ಗೆ ಚಹಾ ಕುಡಿದು ಹೊರಗೆ ಬಂದರೆ ಅಂಗಳದಲ್ಲಿ ಚಕ್ಕಡಿ, ಚಕ್ಕಡಿಯಲ್ಲಿ ನನ್ನ ಯೆಜ್ಡಿ, ಕಣಕಿಯ ಮೇಲೆ ಮಲಗಿತ್ತು, ರೋಗಿಯ ಹಾಗೆ. ಎರಡು ಖಿಲಾರಿ ಎತ್ತು ಅದನ್ನು ಸಲೀಸಾಗಿ ಗರಸಿನ ರಸ್ತೆಗೆ ತಂದು ಮುಟ್ಟಿಸಿದವು. ನಾನು ಹಿಂದೆ ನಡೆದು ಬಂದೆ. ದಾರಿಯಲ್ಲಿ ಎದುರಾದವರೆಲ್ಲ ಗಾಡಿಗೆ ಏನಾಗಿದೆ ಎಂದು ಕೇಳಿದರು, ಆಕಳಿಗೆ ಏನಾಗಿತ್ತು ಎಂದು ಒಬ್ಬರೂ ಕೇಳಲಿಲ್ಲ.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮರುವರ್ಷ ಇಂಡಿಗೆ ವರ್ಗವಾದಾಗ ಯೆಜ್ಡಿ ಕೊಟ್ಟು 100 ಸಿಸಿಯ ನಾಲ್ಕು ಸ್ಟ್ರೋಕಿನ ಗಾಡಿ ತಗೊಂಡೆ. ತೂಕ ಕಡಿಮೆ, ಸದ್ದು ಕಡಿಮೆ, ಖರ್ಚು ಕಡಿಮೆ. ಬಿಸಿನೀರು ಮಾತ್ರ ತಡವಾಗತೊಡಗಿತು.

ಇಂಡಿ ಎಂದರೆ ಲಿಂಬೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು, ಆದರೆ ಅದರ ಪರಿಮಳಕ್ಕೆ ನಾನಿದ್ದಾಗಲೂ ಕಾಗದ ಬೇಕಿರಲಿಲ್ಲ. ನಸುಕಿನಲ್ಲಿ ಲಿಂಬೆಯ ಚೀಲ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಗಾಡಿಗಳ ಸಾಲಿನ ಹಿಂದೆ ಹೋದರೆ ಚಹಾದ ಅಗತ್ಯವೇ ಬೀಳುತ್ತಿರಲಿಲ್ಲ. ನನ್ನ ಗಾಡಿಯ ಮೇಲೆ ಇದ್ದದ್ದು ಬೇರೆ ಸರಕು: ದ್ರವ ಸಾರಜನಕದ ಕ್ಯಾನು. ಅದರೊಳಗೆ ಮೈನಸ್ 196 ಡಿಗ್ರಿಯಲ್ಲಿ ಹೋರಿಯ ವೀರ್ಯದ ಕಡ್ಡಿಗಳು. ಬೆಳಿಗ್ಗೆ ಬೆದೆಗೆ ಬಂದ ಆಕಳಿಗೆ ಸಂಜೆ, ಸಂಜೆ ಬಂದದ್ದಕ್ಕೆ ಮರುದಿನ ಬೆಳಿಗ್ಗೆ ಕೊಡಬೇಕು. ಹೊತ್ತು ಮೀರಿದರೆ ರೈತನಿಗೆ ಮೂರು ವಾರ ನಷ್ಟ. ಕ್ಯಾನಿನ ಬಾಯಿಗೆ ಬಿಗಿ ಮುಚ್ಚಳ ಹಾಕುವ ಹಾಗಿಲ್ಲ, ಆವಿ ಹೊರಗೆ ಹೋಗಬೇಕು. ಸಡಿಲ ಬೂಚು ಅಷ್ಟೇ. ಅಂದರೆ ಗಾಡಿ ಬೀಳುವ ಹಾಗಿಲ್ಲ.

ಬಿದ್ದೆ. ಝಳಕಿ ಕಡೆಗೆ ಒಂದು ಒಳರಸ್ತೆಗೆ ಖಡಿ ಹರವಿದವರು ಡಾಂಬರು ತರಲು ಹೋಗಿ ಆರು ತಿಂಗಳಾಗಿತ್ತು. ಎದುರಿಗೆ ಕುರಿ ಹಿಂಡು. ಮುಂದಿನ ಬ್ರೇಕು ಹಿಡಿದೆ. ಸಡಿಲ ಖಡಿಯ ಮೇಲೆ ಮುಂದಿನ ಚಕ್ರ ಒಮ್ಮೆ ಜಾರಿದರೆ ಮನುಷ್ಯ ಆಲೋಚಿಸುವ ಮೊದಲೇ ನೆಲದಲ್ಲಿರುತ್ತಾನೆ. ಕ್ಯಾನು ಉರುಳಿ ಬೂಚು ಹಾರಿತು. ನೆಲದ ಮೇಲೆ ಬಿಳಿ ಹೊಗೆ ಹಾಸಿಕೊಂಡು ಹರಿಯಿತು, ಜೂನ್ ತಿಂಗಳ ಬಿಸಿಲಿನಲ್ಲಿ, ಕುರಿಗಳ ಕಾಲ ನಡುವೆ. ಕುರುಬರ ಹುಡುಗ ಕೋಲು ಬಿಸುಟು ಓಡಿದ. ನನ್ನ ಮೊಣಕೈ ಸುಲಿದಿತ್ತು, ಅದರ ಪರಿವೆ ಇರಲಿಲ್ಲ. ಕ್ಯಾನು ಎತ್ತಿ ನಿಲ್ಲಿಸಿ, ಒಳಗೆ ಇಣುಕಿ, ಎಷ್ಟು ಉಳಿದಿದೆ ಎಂದು ಕಡ್ಡಿ ಅದ್ದಿ ನೋಡುತ್ತಿದ್ದೆ. ತಳದಲ್ಲಿ ನಾಲ್ಕು ಬೆರಳು ಉಳಿದಿತ್ತು. ವೀರ್ಯದ ಕಡ್ಡಿಗಳು ಬದುಕಿದವು.

ಗರಸಿನ ಮೇಲೆ ಹೇಗೆ ಹೋಗಬೇಕೆಂದು ಆಮೇಲೆ ನನಗೆ ಕಲಿಸಿದವನು ಎಂ-80ಯ ಎರಡೂ ಬದಿಗೆ ಹಾಲಿನ ಕ್ಯಾನು ತೂಗಿಬಿಟ್ಟುಕೊಂಡು ದಿನಾ ಅದೇ ಖಡಿಯ ಮೇಲೆ ಹೋಗುತ್ತಿದ್ದ ಗೌಳಿ. ಅವನು ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ‘ಹ್ಯಾಂಡಲ್ ಜೋರ್ ಹಿಡಿಬ್ಯಾಡ್ರಿ ಸಾಹೇಬ್ರ. ಗಾಡಿ ತನ್ನ ಹಾದಿ ತಾ ಹುಡಕ್ಕೊಂತದ, ನೀವ್ ನಡುವ ಬರಬ್ಯಾಡ್ರಿ’ ಅಂದ. ಹಿಂದಿನ ಬ್ರೇಕು, ಮೊದಲೇ ಇಳಿಸಿದ ಗೇರು, ಟಾಯರಿನಲ್ಲಿ ಸ್ವಲ್ಪ ಕಡಿಮೆ ಗಾಳಿ, ಗುಂಡಿ ಬಂದಾಗ ಸೀಟಿನಿಂದ ಎದ್ದು ನಿಲ್ಲುವುದು: ಇಷ್ಟು ಅವನ ಪಠ್ಯ. ವರ್ಷಗಳ ಮೇಲೆ ನನ್ನ ಮಗ ಮೊಬೈಲಿನಲ್ಲಿ ವಿದೇಶಿ ಸವಾರರ ವಿಡಿಯೋ ತೋರಿಸಿದ. ದೊಡ್ಡ ದೊಡ್ಡ ಗಾಡಿ, ಮೈತುಂಬ ಕವಚ; ಹೇಳುತ್ತಿದ್ದದ್ದು ಅಕ್ಷರಶಃ ನಮ್ಮ ಗೌಳಿಯ ಮಾತು. ಅವರ ಹಿಂದೆ ಹಾಲಿನ ಕ್ಯಾನು ಇರಲಿಲ್ಲ ಅನ್ನುವುದು ಒಂದು ವ್ಯತ್ಯಾಸ.

ಮುದ್ದೇಬಿಹಾಳಕ್ಕೆ 2005ರಲ್ಲಿ ಹೋದೆ. ಅಲ್ಲಿ ಒಂದೇ ತಾಲೂಕಿನಲ್ಲಿ ಎರಡು ದೇಶ. ತಾಳಿಕೋಟೆ ಕಡೆ ಡೋಣಿ ಹೊಳೆಯ ಎರಿ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎನ್ನುವ ಗಾದೆ ಹುಟ್ಟಿದ ಮಣ್ಣು. ಕೃಷ್ಣೆಯ ಕಡೆ, ತಂಗಡಗಿಯ ದಾರಿಗೆ ಹೊರಳಿದರೆ ಕಲ್ಲಿನ ಮಡ್ಡಿ. ಎರಿಯಲ್ಲಿ ಚಕ್ರ ಕಟ್ಟುತ್ತಿತ್ತು, ಮಡ್ಡಿಯಲ್ಲಿ ರಿಮ್ಮು ಮಣಿಯುತ್ತಿತ್ತು. ಅಲಾಯ್ ಚಕ್ರದ ಗಾಡಿಗಳು ಆಗ ತಾನೆ ಹಳ್ಳಿಗೆ ಬರತೊಡಗಿದ್ದವು. ನನ್ನದು ತಂತಿ ಚಕ್ರ. ರಿಮ್ಮು ಮಣಿದರೆ ನಾಲತವಾಡದ ಗ್ಯಾರೇಜಿನವನು ಕಲ್ಲಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು, ತಂತಿ ಬಿಗಿದು, ತಿರುಗಿಸಿ ನೋಡಿ ಕೊಡುತ್ತಿದ್ದ. ಸೀಳಿದ ಅಲಾಯ್ ತಂದವರಿಗೆ ಅವನು ಕೈ ಮುಗಿಯುತ್ತಿದ್ದ. ಹೀಗಾಗಿ, ಎಂಥ ಗಾಡಿ ಬೇಕು ಎಂದು ಕೇಳುವವರನ್ನು ನಾನು ಮೊದಲು ಕೇಳುವುದು, ‘ನಿಮ್ಮೂರ ಗ್ಯಾರೇಜಿನವನಿಗೆ ಏನೇನು ಬರುತ್ತದೆ?’ ಎಂದು.

2009ರ ಮಳೆಯನ್ನು ಈ ಭಾಗದವರು ಯಾರೂ ಮರೆತಿಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಆಕಾಶ ಹರಿದುಬಿತ್ತು. ಡೋಣಿ ಎಂದರೆ ಬೇಸಿಗೆಯಲ್ಲಿ ಚಪ್ಪಲಿ ಬಿಚ್ಚದೆ ದಾಟುವ ಹೊಳೆ. ಆ ವಾರ ಅದು ಹೊಲಗಳ ಮೇಲೆ ಹರಿಯಿತು, ಹಡಗಿನಾಳದ ನೆಲಮಟ್ಟದ ಸೇತುವೆ ಕಾಣಿಸಲೇ ಇಲ್ಲ. ನೀರಿಳಿದ ಮೇಲೆ ಬದುಕಿದ ದನಗಳಿಗೆ ಚಪ್ಪೆಬೇನೆ, ಗಳಲೆ ರೋಗದ ಲಸಿಕೆ ಹಾಕಬೇಕಿತ್ತು. ಐಸು ತುಂಬಿದ ಪೆಟ್ಟಿಗೆ ಹಿಂದೆ ಕಟ್ಟಿಕೊಂಡು ಹದಿನೇಳು ದಿನ ಓಡಾಡಿದೆ. ಜೀಪು ಹೋಗದ ಕಡೆ ಆ 100 ಸಿಸಿ ಹೋಯಿತು. ಅದರ ಎಂಜಿನ್ನಿನ ಬಲದಿಂದಲ್ಲ. ಅದು ಹೂತರೆ ಇಬ್ಬರು ಹುಡುಗರು ಎತ್ತಿ ಬದುವಿನ ಮೇಲೆ ಇಡಬಹುದಿತ್ತು. ಎರಡನೇ ದಿನ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಗ್ಯಾರೇಜಿನಲ್ಲಿ ಬಿಟ್ಟೆ. ಮೂರನೇ ದಿನ ಚೈನ್ ಕವರ್. ಅದರೊಳಗೆ ಎರಿ ತುಂಬಿ ಒಣಗಿದರೆ ಚೈನು ಇಟ್ಟಿಗೆಯೊಳಗೆ ತಿರುಗಿದ ಹಾಗೆ. ಹದಿನೇಳು ದಿನ ನನ್ನ ಮುಖದ ಮೇಲೆಲ್ಲ ಮಣ್ಣು. ಮನೆಯವಳು ಬಾಗಿಲಲ್ಲೇ ನಿಲ್ಲಿಸಿ, ಮೊದಲು ಹೆಸರು ಹೇಳು ಅನ್ನುತ್ತಿದ್ದಳು.

ಮುದ್ದೇಬಿಹಾಳದಲ್ಲೇ ನನಗೆ ನಾಲ್ಕನೆಯ ರಸ್ತೆಯೊಂದು ಸಿಕ್ಕಿತು: ಕಾಲುವೆ ದಾರಿ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆಗಳ ಗುಂಟ ಇಲಾಖೆಯವರ ಜೀಪಿಗೆಂದು ಮಾಡಿದ ಗರಸಿನ ಏರಿ. ನಾರಾಯಣಪುರದ ಎಡದಂಡೆಯಿಂದ ಹೊರಟ ಇಂಡಿ ಶಾಖಾ ಕಾಲುವೆ ಸಿಂದಗಿಯ ಹೊಲಗಳನ್ನು ಹಾದು ಇಂಡಿಯ ಕಡೆಗೆ ಹೋಗುತ್ತದೆ. ನಾನು ಒಂದೊಂದಾಗಿ ಬಿಟ್ಟುಬಂದ ತಾಲೂಕುಗಳನ್ನು ಅದು ತಾನೇ ಪೋಣಿಸಿಕೊಂಡಿದೆ. ಒಂದು ಬದಿ ನೀರು, ಒಂದು ಬದಿ ತೊಗರಿ, ಎದುರಿಗೆ ಬಂದರೆ ಒಬ್ಬ ಬರಬೇಕು. ಡಾಂಬರಿಗಿಂತ ನುಣ್ಣಗಿನ ಗರಸು. ಯಾವ ನಕ್ಷೆಯಲ್ಲೂ ಅದಕ್ಕೆ ರಸ್ತೆ ಎಂಬ ಹೆಸರಿಲ್ಲ. ಜಗತ್ತಿನ ಅತಿ ಚಂದದ ಗಾಡಿ ರಸ್ತೆ ಯಾವುದೆಂದು ನನ್ನನ್ನು ಯಾರೂ ಕೇಳಿಲ್ಲ, ಕೇಳಿದರೆ ಉತ್ತರ ಸಿದ್ಧವಿದೆ.

ಬಾಗೇವಾಡಿಗೆ ಬಂದ ಮೇಲೆ ಡಾಂಬರಿನ ತಕರಾರು ಶುರುವಾಯಿತು. ವಿಜಯಪುರಕ್ಕೆ ಹೋಗಬೇಕೆಂದರೆ ಮನಗೂಳಿಯಿಂದ ಮುಂದೆ ನಾಲ್ಕು ಪಥದ ಹೆದ್ದಾರಿ, ಹೊಸಪೇಟೆ ಕಡೆಯ ಲಾರಿಗಳು. ಒಂದು ಲಾರಿ ಹಾದುಹೋದರೆ ನನ್ನ ಹಗುರ ಗಾಡಿ ಒಂದು ಮಾರು ಪಕ್ಕಕ್ಕೆ ಸರಿಯುತ್ತಿತ್ತು. ಎರಿಯಲ್ಲಿ ವರವಾದ ಹಗುರತನ ಇಲ್ಲಿ ಶಾಪ. ಪ್ರಾಯವೂ ಐವತ್ತು ದಾಟಿತ್ತು, ಸೊಂಟ ಲೆಕ್ಕ ಕೇಳತೊಡಗಿತ್ತು.

ಆ ಹೊತ್ತಿಗೆ ಪೇಟೆಯಲ್ಲಿ ಡಾಂಬರು, ಗರಸು ಎರಡೂ ರಸ್ತೆಗೆಂದೇ ಮಾಡಿದ ಗಾಡಿಗಳು ಬಂದಿದ್ದವು. 2011ರಲ್ಲಿ ಹೀರೋದವರು ಇಂಪಲ್ಸ್ ಎಂಬುದನ್ನು ತಂದು, ಕೆಲ ವರ್ಷದಲ್ಲಿ ನಿಲ್ಲಿಸಿಬಿಟ್ಟರು. ಬ್ರೆಜಿಲಿನ ಮಣ್ಣು ರಸ್ತೆಗಳಿಗಾಗಿ ಹೋಂಡಾ ಮಾಡಿದ ಗಾಡಿಯ ತಳಿ ಅದು. 2016ರಲ್ಲಿ ಹಿಮಾಲಯನ್ ಬಂತು: 411 ಸಿಸಿ, 21 ಇಂಚಿನ ಮುಂದಿನ ಚಕ್ರ. 2019ರಲ್ಲಿ ಎಕ್ಸ್‌ಪಲ್ಸ್ 200. ದೊಡ್ಡ ಮುಂಚಕ್ರದ ಲಾಭ ನಮ್ಮ ಚಕ್ಕಡಿಯವರಿಗೆ ಹೇಳಿಕೊಡಬೇಕಿಲ್ಲ: ಗಾಲಿ ದೊಡ್ಡದಾದಷ್ಟೂ ಗುಂಡಿ ಸಣ್ಣದಾಗುತ್ತದೆ.

ಮನೆಯವಳನ್ನೂ ಕರೆದುಕೊಂಡು ವಿಜಯಪುರಕ್ಕೆ ಹೋಗಿ ನೋಡಿದೆ. ಹಿಮಾಲಯನ್ ಮೇಲೆ ಕೂತರೆ ರಾಜಗಾಂಭೀರ್ಯ. ಹೆದ್ದಾರಿಯಲ್ಲಿ ಇದನ್ನು ಯಾವ ಲಾರಿಯೂ ಅಲುಗಿಸಲಾರದು. ಆದರೆ ತೂಕ ಹತ್ತಿರ ಹತ್ತಿರ 200 ಕಿಲೋ. ಹೂವಿನ ಹಿಪ್ಪರಗಿಯ ಯಾವುದೋ ಹೊಲದಲ್ಲಿ ರಾತ್ರಿ ಹನ್ನೊಂದಕ್ಕೆ ಇದು ಮಲಗಿದರೆ ಎಬ್ಬಿಸುವವನು ನಾನೊಬ್ಬನೇ. ಎಕ್ಸ್‌ಪಲ್ಸ್ ಅದಕ್ಕಿಂತ ನಲವತ್ತು ಕಿಲೋದಷ್ಟು ಹಗುರ. ಷೋರೂಮಿನ ಹಿಂದಿನ ಮಣ್ಣು ದಾರಿಯಲ್ಲಿ ಓಡಿಸಿದೆ. ಗುಂಡಿಗಳು ಎಲ್ಲಿ ಹೋದವು ಎಂದು ತಿರುಗಿ ನೋಡುವ ಹಾಗಿತ್ತು. ಇಪ್ಪತ್ತು ವರ್ಷ ಮೊದಲು ಬರಬಾರದಿತ್ತೇ ಅನ್ನಿಸಿತು. ನಿಲ್ಲಿಸಿದಾಗ ಮಾತ್ರ ಸಮಸ್ಯೆ. ಸೀಟಿನ ಎತ್ತರ 823 ಮಿಲಿಮೀಟರು, ನನ್ನ ಎತ್ತರ ಐದೂಕಾಲು ಅಡಿ. ಕಾಲ ಹೆಬ್ಬೆರಳು ನೆಲ ಮುಟ್ಟುತ್ತಿತ್ತು, ಹಿಮ್ಮಡಿ ಇಲ್ಲ. ಮನೆಯವಳು ಹಿಂದಿನ ಸೀಟನ್ನೊಮ್ಮೆ, ತನ್ನ ಇಳಕಲ್ ಸೀರೆಯನ್ನೊಮ್ಮೆ ನೋಡಿ, ‘ಇದನ್ನ ಹತ್ತಾಕ ಏಣಿ ಬ್ಯಾರೆ ಕೊಡ್ತಾರೇನು?’ ಅಂದಳು. ಷೋರೂಮಿನ ಹುಡುಗ ನಕ್ಕ. ನಮ್ಮ ವ್ಯವಹಾರ ಅಲ್ಲಿಗೆ ಮುಗಿಯಿತು.

ನ್ಯೂಜಿಲೆಂಡಿನ ಕುರಿ ಸಾಕುವವರ ಗಾಡಿಯ ಚಿತ್ರವೊಂದನ್ನು ಆಗ ಮಗ ತೋರಿಸಿದ್ದ, ಯಮಹಾದವರ ಎಜಿ ಎಂಬುದು. ಹಿಂದೆಯೂ ಮುಂದೆಯೂ ಕ್ಯಾರಿಯರ್, ಇಳಿಜಾರಿನಲ್ಲಿ ಬೇಕಾದ ಕಡೆ ಒರಗಿಸಲು ಎರಡೂ ಬದಿಗೆ ಸ್ಟ್ಯಾಂಡು. ರೈತನ ಕೆಲಸ ನೋಡಿ ಯಾರೋ ಮಾಡಿದ್ದು ಅದು. ನಮ್ಮಲ್ಲಿ ಗುಡ್ಡ ಹತ್ತುವವರಿಗೆ ಗಾಡಿ ಬಂತು, ಹೊಲಕ್ಕೆ ಹೋಗುವವರಿಗೆ ಬರಲಿಲ್ಲ ಎಂಬ ಅಸಮಾಧಾನ ನನಗೆ ಇನ್ನೂ ಇದೆ.

ಮರುವಾರ ಸಂಕ್ರಾಂತಿ, ವಿಜಯಪುರದ ಸಿದ್ಧೇಶ್ವರ ಜಾತ್ರೆ. ದನದ ಸಂತೆಯಲ್ಲಿ ನನ್ನ ಡ್ಯೂಟಿ. ಹೋರಿ ನೋಡುತ್ತಿದ್ದ ರೈತನೊಬ್ಬ ಮಗನಿಗೆ ಹೇಳುತ್ತಿದ್ದ: ‘ಬಂಡಿಗೂ ಬರಬೇಕು, ಕುಂಟಿಗೂ ಬರಬೇಕು. ಬರೇ ಓಡೂದು ಬ್ಯಾಡ, ಬರೇ ಜಗ್ಗೂದೂ ಬ್ಯಾಡ. ಗೊರಸು ನೋಡು, ಅಗಲ ಇರಬಾರದು, ಸಂದಿನ್ಯಾಗ ಮಣ್ಣ ಹಿಡಿಬಾರದು.’ ರೇಸಿನ ಹೋರಿಯ ಮುಂದೆ ಅವನು ನಿಲ್ಲಲೇ ಇಲ್ಲ. ಆನೆಯಂಥ ಎತ್ತಿನ ಮುಂದೆ ನಿಂತು, ಬೆನ್ನು ಸವರಿ, ಮುಂದೆ ಹೋದ. ಕೊನೆಗೆ ಹಿಡಿದದ್ದು ನಡುವಿನ ಎತ್ತರದ, ಒಣ ಕಾಲಿನ, ನಾಲ್ಕು ಹಲ್ಲಿನ ಜೋಡಿ. ನಾನು ಇಪ್ಪತ್ತೆಂಟು ವರ್ಷ ಇಂಥ ಸಂತೆಗಳಲ್ಲಿ ಕೂತು ಹಲ್ಲು ಎಣಿಸಿ, ಇನ್ನೂ ಹಲ್ಲು ಹಚ್ಚದ ಕರುವಿನಿಂದ ಎಲ್ಲ ಹಲ್ಲು ಬಂದು ಬಾಯಿಗೂಡಿದ ಎತ್ತಿನವರೆಗೆ ವಯಸ್ಸಿನ ಚೀಟಿ ಬರೆದುಕೊಟ್ಟಿದ್ದೇನೆ. ಈ ಮಾತು ಸಾವಿರ ಸಲ ಕೇಳಿದ್ದೇನೆ. ಗಾಡಿಗೂ ಅದೇ ಮಾತು ಎಂದು ಹೊಳೆದದ್ದು ಅವತ್ತು.

ಆ ಬೇಸಿಗೆಯಲ್ಲಿ 125 ಸಿಸಿಯ ಸಾದಾ ಗಾಡಿ ತಗೊಂಡೆ, ತಂತಿ ಚಕ್ರದ್ದು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಅದನ್ನೇ ತಗೋತೀರಿ, ನಿಮ್ಮ ಕಾಲಿನ ಉದ್ದ ನನಗೆ ಗೊತ್ತಿಲ್ಲ. ಬಾಗೇವಾಡಿಯ ಗ್ಯಾರೇಜಿನವನ ಬಳಿ ಎರಡು ದಿನ ಬಿಟ್ಟೆ. ಮುಂದಿನ ಮಡ್‌ಗಾರ್ಡಿನ ಅಡಿ ಕಬ್ಬಿಣದ ಪಟ್ಟಿ ಕೊಟ್ಟು ಎತ್ತರಿಸಿದ, ಹಿಂದೆ ಗಟ್ಟಿ ಗಟ್ಟಿ ಹಲ್ಲಿನ ಟಾಯರ್ ಹಾಕಿದ, ಚೈನ್ ಕವರನ್ನು ಅರ್ಧಕ್ಕೆ ಕತ್ತರಿಸಿದ. ಹೊಸ ಗಾಡಿಯನ್ನು ಕತ್ತರಿಸುವಾಗ ಅವನ ಕೈ ನಡುಗಿತು, ನನ್ನದಲ್ಲ. ಹೆದ್ದಾರಿಯಲ್ಲಿ ಅದು ಹಾರುವುದಿಲ್ಲ, ಲಾರಿ ಬಂದಾಗ ಈಗಲೂ ಒಂದಿಷ್ಟು ಸರಿಯುತ್ತದೆ. ಸರಿಯಲಿ.

ಮುಂಗಾರು ಬಿದ್ದ ಮೇಲೆ ಇಂಗಳೇಶ್ವರದ ದಾರಿಯ ಒಂದು ವಸ್ತಿಗೆ ಹೊಟ್ಟೆ ಉಬ್ಬರದ ಎಮ್ಮೆ ನೋಡಲು ಹೋದೆ. ಕೊನೆಯ ತುಂಡು ಎರಿಯಲ್ಲಿ ಗಾಡಿ ಎಡವಿತು, ತೂರಾಡಿತು, ಅಂಗಳ ಮುಟ್ಟಿತು. ಎಮ್ಮೆಗೆ ಔಷಧ ಕುಡಿಸಿ ಕೈ ತೊಳೆಯುತ್ತಿದ್ದೆ. ಮನೆಯ ಹಿರಿಯ, ಎಂಬತ್ತರ ಮೇಲಿನವರು, ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಸೀಟು ಒತ್ತಿದರು. ಬಗ್ಗಿ, ಟಾಯರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ಅಂಗೈ ಅಡ್ಡ ತೂರಿಸಿದರು.

‘ನಾಕ ಬೆರಳ ಅದಾವು. ನಡೀತದ’ ಅಂದರು. ಆಮೇಲೆ ಮೊಮ್ಮಗನ ಕಡೆ ತಿರುಗಿ, ‘ಗಾಡಿ ಇನ್ನೂ ಹಲ್ಲ ಹಚ್ಚಿಲ್ಲ ಬಿಡು. ಡಾಕ್ಟರಾ ಬಾಯಿಗೂಡ್ಯಾರ.’